ಇಂಗ್ಲಿಷನ್ನು ಕಿವಿಯಿಂದ ಕಲಿಯುವುದು, ಕವಿತೆಯಿಂದ ಕಿವಿ ಪಳಗಿಸುವುದು: ಗಡಿನಾಡ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿಗಳಲ್ಲಿ ಹಲವರಿಗೆ ಇಂಗ್ಲಿಷ್ ಓದಲು ಬರುತ್ತದೆ, ತಕ್ಕಮಟ್ಟಿಗೆ ಬರೆಯಲೂ ಬರುತ್ತದೆ. ಆದರೆ ಅದೇ ಭಾಷೆಯನ್ನು ಕೇಳಿ ಅರ್ಥ ಮಾಡಿಕೊಳ್ಳಬೇಕಾಗಿ ಬಂದಾಗ ಅವರು ತಡವರಿಸುತ್ತಾರೆ. ಪುಟದಲ್ಲಿ ಕಂಡರೆ ಕ್ಷಣದಲ್ಲಿ ಗುರುತಿಸುವ ಪದವೇ ಮಾತಿನಲ್ಲಿ ಬಂದಾಗ ಹಿಡಿತಕ್ಕೆ ಸಿಗುವುದಿಲ್ಲ. ಇದನ್ನು ಶಬ್ದಸಂಪತ್ತಿನ ಕೊರತೆಯೆಂದು ತಿಳಿದು ಪದಪಟ್ಟಿಗಳನ್ನು ಬಾಯಿಪಾಠ ಮಾಡಲು ತೊಡಗುವವರೇ ಹೆಚ್ಚು. ಆದರೆ ಆ ಪದಗಳು ಅವರಿಗೆ ಮೊದಲೇ ಗೊತ್ತಿವೆ. ಅವುಗಳ ಅಕ್ಷರರೂಪ ಮಾತ್ರ ಪರಿಚಯವಾಗಿ, ಧ್ವನಿರೂಪ ಅಪರಿಚಿತವಾಗಿ ಉಳಿದಿರುವುದೇ ತೊಡಕಿನ ಮೂಲ.

ಈ ತೊಡಕನ್ನು ನೀಗಿಸಿಕೊಳ್ಳಲು ಚಿಕ್ಕ ಇಂಗ್ಲಿಷ್ ಕವಿತೆಗಳಿಗಿಂತ ಉತ್ತಮವಾದ ಸಾಧನ ಇನ್ನೊಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಇಂಗ್ಲಿಷ್ ಮಾತಿನ ನಡಿಗೆಯನ್ನು ನಿರ್ಧರಿಸುವುದು ಒತ್ತು, ಅಂದರೆ ಒಂದು ಅಕ್ಷರವನ್ನು ಉಳಿದವುಗಳಿಗಿಂತ ಬಲವಾಗಿ ಹೇಳುವುದು. ದಿನಬಳಕೆಯ ಮಾತಿನಲ್ಲಿ ಈ ಒತ್ತು ಹೇಗೆಂದರೆ ಹಾಗೆ ಬೀಳುತ್ತದೆ. ಛಂದೋಬದ್ಧವಾದ ಕವಿತೆಯಲ್ಲಿ ಅದು ನಿಯತವಾಗಿ ಬೀಳುವುದರಿಂದ ಹೊಸಬರ ಕಿವಿಗೂ ಬೇಗ ಗೊತ್ತಾಗುತ್ತದೆ. ಎಂಟು ಸಾಲಿನ ಕವಿತೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಇಪ್ಪತ್ತು ಸಲ ಕೇಳಿದರೂ ಬೇಸರ ತರಿಸುವುದಿಲ್ಲ, ಬಾಯಿಗೂ ಬೇಗ ಹತ್ತುತ್ತದೆ. ಆದ್ದರಿಂದ ಆಲಿಸುವ ಅಭ್ಯಾಸವನ್ನೂ ಕಾವ್ಯಾಸ್ವಾದವನ್ನೂ ಎರಡು ಪಾಠಗಳಾಗಿ ಬೇರ್ಪಡಿಸದೆ ಒಂದೇ ಕೆಲಸವಾಗಿ ಮಾಡುವ ದಾರಿಯನ್ನು ಇಲ್ಲಿ ವಿವರಿಸಿದ್ದೇನೆ.

ಕಿವಿ ಎಲ್ಲಿ ಎಡವುತ್ತದೆ

ಕನ್ನಡದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಕಾಲವಿದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಮಾತನಾಡುವವರು ಅವಸರದಲ್ಲಿದ್ದರೂ ಈ ಲೆಕ್ಕ ಬಹುಮಟ್ಟಿಗೆ ಉಳಿಯುತ್ತದೆ. ಇಂತಹ ಭಾಷೆಯಲ್ಲಿ ಬೆಳೆದ ಕಿವಿ ಎಲ್ಲ ಅಕ್ಷರಗಳೂ ಪೂರ್ತಿಯಾಗಿ ಕೇಳಿಸಬೇಕೆಂದು ಕಾಯುತ್ತಿರುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರವಷ್ಟೇ ನಿಚ್ಚಳವಾಗಿ ಕೇಳಿಸುತ್ತದೆ, ಉಳಿದವುಗಳ ಸ್ವರ ಕುಗ್ಗಿ ಅಸ್ಪಷ್ಟವಾದ ಒಂದು ಅರೆಸ್ವರವಾಗುತ್ತದೆ. 'ಬನಾನ' ಎಂಬ ಪದದಲ್ಲಿ ನಡುವಿನ 'ನಾ' ಮಾತ್ರ ಗಟ್ಟಿ, ಅದರ ಹಿಂದುಮುಂದಿನ ಅಕ್ಷರಗಳು ಕೇಳಿಸಿಯೂ ಕೇಳಿಸದಂತೆ ಇರುತ್ತವೆ. 'ಫೋಟೊಗ್ರಾಫ್' ಎಂಬಲ್ಲಿ ಒತ್ತು ಮೊದಲ ಅಕ್ಷರದ ಮೇಲಿದ್ದರೆ 'ಫಟಾಗ್ರಫರ್' ಎಂಬಲ್ಲಿ ಅದು ಎರಡನೆಯದಕ್ಕೆ ಸರಿಯುತ್ತದೆ. ಒತ್ತು ಸರಿದೊಡನೆ ಸ್ವರಗಳೂ ಬದಲಾಗುವುದರಿಂದ, ಬರವಣಿಗೆಯಲ್ಲಿ ಅಕ್ಕತಂಗಿಯರಂತೆ ಕಾಣುವ ಈ ಪದಗಳು ಕಿವಿಗೆ ಬೇರೆ ಬೇರೆಯಾಗಿ ತೋರುತ್ತವೆ.

ಚಿಕ್ಕ ಪದಗಳ ಪಾಡು ಇನ್ನೂ ಹೆಚ್ಚಿನದು. ಪಾಠ ಓದುವಾಗ 'ಆಂಡ್' ಎಂದು ಉಚ್ಚರಿಸುವ ಪದ ವಾಕ್ಯದ ನಡುವೆ ಬರಿಯ 'ನ್' ಆಗುತ್ತದೆ; 'ಕ್ಯಾನ್' ಎಂಬುದು 'ಕನ್' ಆಗುತ್ತದೆ. 'ಕ್ಯಾನ್' ಮತ್ತು ಅದರ ನಿಷೇಧರೂಪವಾದ 'ಕಾಂಟ್' ನಡುವಣ ವ್ಯತ್ಯಾಸವನ್ನು ಕೊನೆಯ ಟಕಾರದಿಂದ ಗುರುತಿಸಲು ಹೊರಟರೆ ಮೋಸಹೋಗುವುದೇ ಹೆಚ್ಚು, ಏಕೆಂದರೆ ಆ ಟಕಾರ ಹಲವು ವೇಳೆ ಕೇಳಿಸುವುದೇ ಇಲ್ಲ. ಒತ್ತು ಮುಂದಿನ ಕ್ರಿಯಾಪದದ ಮೇಲೆ ಬಿದ್ದಿದ್ದರೆ 'ಆಗುತ್ತದೆ' ಎಂದೂ, ಆ ಪದದ ಮೇಲೆಯೇ ಬಿದ್ದಿದ್ದರೆ 'ಆಗುವುದಿಲ್ಲ' ಎಂದೂ ತಿಳಿಯುವುದು ಹೆಚ್ಚು ಭರವಸೆಯ ದಾರಿ.

ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಬಸ್ಸು, ಕಾರು, ಪೆನ್ನು ಎಂದು ಎರವಲು ಪದಗಳಿಗೂ ನಾವು ಒಂದು ಸ್ವರವನ್ನು ಕೂಡಿಸಿಯೇ ಒಗ್ಗಿಸಿಕೊಂಡಿದ್ದೇವೆ. ಇಂಗ್ಲಿಷ್ ಪದಗಳ ಕೊನೆಯಲ್ಲಿ ಎರಡು ಮೂರು ವ್ಯಂಜನಗಳು ಒಟ್ಟಿಗೆ ನಿಲ್ಲುತ್ತವೆ, ಮತ್ತು ಭೂತಕಾಲವನ್ನು, ಬಹುವಚನವನ್ನು ಸೂಚಿಸುವ ಕೆಲಸವನ್ನು ಹೆಚ್ಚಾಗಿ ಆ ಕೊನೆಯ ವ್ಯಂಜನವೇ ಮಾಡುತ್ತದೆ. 'ವಾಕ್ಟ್' ಎಂಬಲ್ಲಿನ ಟಕಾರ ಕೈತಪ್ಪಿದರೆ ನಿನ್ನೆ ನಡೆದದ್ದು ಇಂದು ನಡೆಯುತ್ತಿರುವಂತೆ ತೋರುತ್ತದೆ. ಇನ್ನು ಪದಗಳು ಒಂದಕ್ಕೊಂದು ಬೆಸೆದುಕೊಳ್ಳುವ ಪರಿ: 'ಪಿಕ್ ಇಟ್ ಅಪ್' ಎಂಬ ಮೂರು ಪದಗಳು ಬಾಯಲ್ಲಿ 'ಪಿಕಿಟಪ್' ಎಂಬ ಒಂದೇ ಘಟಕವಾಗುತ್ತವೆ. ಲೋಪ, ಆಗಮ, ಆದೇಶ ಸಂಧಿಗಳನ್ನು ಶಾಲೆಯಲ್ಲಿ ಕಲಿತ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ನಮ್ಮಲ್ಲಿ ಸಂಧಿಯಾದದ್ದನ್ನು ಕೂಡಿಸಿ ಬರೆಯುವ ರೂಢಿಯಿದೆ, ಇಂಗ್ಲಿಷಿನಲ್ಲಿ ಬಿಡಿಸಿಯೇ ಬರೆಯುತ್ತಾರೆ. ಅವರ ಸಂಧಿ ಕಿವಿಗಷ್ಟೇ ಗೊತ್ತಾಗುತ್ತದೆ.

ಗಡಿನಾಡಿನವರಿಗೆ ಇಲ್ಲಿ ಒಂದು ಅನುಕೂಲವೂ ಉಂಟು. ತುಳು ಮತ್ತು ಮಲಯಾಳಗಳಲ್ಲಿ ಪದಾಂತ್ಯದಲ್ಲಿ ಬರುವ ಅರೆ ಉಕಾರವೊಂದಿದೆ: ತುಳುವರು ಹಾಲಿಗೆ 'ಪೇರ್' ಎನ್ನುವಾಗ, ಮಲಯಾಳಿಗಳು ಮನೆಗೆ 'ವೀಡ್' ಎನ್ನುವಾಗ ಕೊನೆಯಲ್ಲಿ ಕೇಳಿಸುವ, ತುಟಿ ದುಂಡಾಗದ ಆ ಕಿರುಸ್ವರ. ಇಂಗ್ಲಿಷಿನ ಅರೆಸ್ವರವು ಅದೇ ಅಲ್ಲದಿದ್ದರೂ ಅದಕ್ಕೆ ಬಹಳ ಹತ್ತಿರದ್ದು. ಮಂಜೇಶ್ವರದಲ್ಲಿಯೋ ಬದಿಯಡ್ಕದಲ್ಲಿಯೋ ಬೆಳೆದು, ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ದಿನಕ್ಕೆ ಹತ್ತು ಬಾರಿ ಭಾಷೆ ಬದಲಿಸುವವರ ಕಿವಿ ಧ್ವನಿಭೇದಗಳನ್ನು ಹಿಡಿಯುವುದರಲ್ಲಿ ಆಗಲೇ ನುರಿತಿರುತ್ತದೆ. ಆ ಪಳಗಿಕೆಯನ್ನು ಇಂಗ್ಲಿಷಿಗೂ ಬಳಸಿಕೊಳ್ಳಬಹುದೆಂಬ ಧೈರ್ಯ ಅವರಿಗೆ ಬರಬೇಕಾಗಿದೆ.

ಬೇಕಾದ ಸಾಮಗ್ರಿ

ಒಂದು ಫೋನು, ಒಂದು ಇಯರ್‌ಫೋನು, ಗೆರೆ ಹಾಕಿದ ಒಂದು ನೋಟ್‌ಬುಕ್ಕು, ದಿನಕ್ಕೆ ಇಪ್ಪತ್ತು ನಿಮಿಷ: ಇಷ್ಟು ಸಾಕು. ಕೇಳುವ ಪಾಠ ಒಂದೆರಡು ನಿಮಿಷಕ್ಕಿಂತ ಉದ್ದವಿರಬಾರದು, ಮತ್ತು ಅದರ ಲಿಖಿತರೂಪ ಸಿಗುವಂತಿರಬೇಕು. ಲಿಖಿತರೂಪವಿಲ್ಲದ ಧ್ವನಿಯನ್ನು ಗಂಟೆಗಟ್ಟಲೆ ಕೇಳಿದರೂ ಎಲ್ಲಿ ತಪ್ಪಿತೆಂದು ತಿಳಿಯುವ ಉಪಾಯವಿಲ್ಲ. ಬಿಬಿಸಿಯ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಕಾರ್ಯಕ್ರಮವು ಲಿಖಿತರೂಪದೊಡನೆ ದೊರೆಯುತ್ತದೆ, ಅದರಿಂದ ಒಂದೊಂದು ನಿಮಿಷದ ತುಣುಕುಗಳನ್ನು ಆರಿಸಿಕೊಳ್ಳಬಹುದು. ಆಕಾಶವಾಣಿಯ ಇಂಗ್ಲಿಷ್ ವಾರ್ತೆಯೂ ಒಳ್ಳೆಯದೇ. ಬೆಳಿಗ್ಗೆ ಕನ್ನಡ ಪತ್ರಿಕೆ ಓದಿ ಅನಂತರ ವಾರ್ತೆಯನ್ನು ಕೇಳಿದರೆ ವಿಷಯ ಮೊದಲೇ ತಿಳಿದಿರುವುದರಿಂದ ಕಿವಿ ಪೂರ್ತಿಯಾಗಿ ಧ್ವನಿಯ ಕಡೆಗೆ ಹರಿಯುತ್ತದೆ.

ಕವಿತೆಗಳಿಗೆ ನಾನು ಮೊದಲು ಸೂಚಿಸುವುದು ಲಿಬ್ರಿವಾಕ್ಸನ್ನು. 2005ರಲ್ಲಿ ಆರಂಭವಾದ ಈ ಯೋಜನೆಯಲ್ಲಿ, ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗಳನ್ನು ಸ್ವಯಂಸೇವಕರು ಓದಿ ಉಚಿತವಾಗಿ ಒದಗಿಸುತ್ತಾರೆ. ಒಂದೇ ಕವಿತೆಯನ್ನು ಹಲವರು ಓದಿದ ಧ್ವನಿಮುದ್ರಿಕೆಗಳು ಅಲ್ಲಿ ಒಟ್ಟಿಗೆ ಸಿಗುವುದು ಕಲಿಯುವವರ ಪಾಲಿಗೆ ದೊಡ್ಡ ಭಾಗ್ಯ. ಅಮೆರಿಕದವರು, ಇಂಗ್ಲೆಂಡಿನವರು, ಬೇರೆ ನಾಡಿನವರು ಅದೇ ಸಾಲನ್ನು ಹೇಗೆ ಹೇಳುತ್ತಾರೆಂದು ಹತ್ತು ನಿಮಿಷದಲ್ಲಿ ಹೋಲಿಸಿ ನೋಡಬಹುದು.

ಕನ್ನಡ ಉಪಶೀರ್ಷಿಕೆಗಳನ್ನು ಅಭ್ಯಾಸದ ಹೊತ್ತಿನಲ್ಲಿ ಮುಚ್ಚಿಡಬೇಕು. ಕಣ್ಣಿಗೆ ಅರ್ಥ ಸಿಕ್ಕಿದ ಕೂಡಲೇ ಕಿವಿ ಕೆಲಸ ನಿಲ್ಲಿಸುತ್ತದೆ.

ಒಂದು ನಿಮಿಷದ ಪಾಠವನ್ನು ಕೇಳುವ ಕ್ರಮ

ಮೊದಲು ಬರವಣಿಗೆಯನ್ನು ನೋಡದೆ ಎರಡು ಬಾರಿ ಪೂರ್ತಿ ಕೇಳಿರಿ. ನಡುವೆ ನಿಲ್ಲಿಸಬೇಡಿ. ಯಾರು ಮಾತನಾಡುತ್ತಿದ್ದಾರೆ, ಯಾವುದರ ಬಗ್ಗೆ, ಯಾವ ಭಾವದಲ್ಲಿ ಎಂಬುದನ್ನು ಕನ್ನಡದಲ್ಲಿಯೇ ಒಂದೆರಡು ವಾಕ್ಯಗಳಲ್ಲಿ ಬರೆದಿಡಿ. ಮೂರನೆಯ ಬಾರಿ ಕೇಳುವಾಗ ವಾಕ್ಯವಾಕ್ಯಕ್ಕೂ ನಿಲ್ಲಿಸಿ ಕೇಳಿಸಿದ್ದನ್ನು ಇಂಗ್ಲಿಷಿನಲ್ಲಿ ಬರೆಯಿರಿ; ಕೇಳಿಸದ ಜಾಗದಲ್ಲಿ ಗೆರೆ ಎಳೆದು ಮುಂದೆ ಹೋಗಿ. ಉಕ್ತಲೇಖನವೆಂದು ಪ್ರಾಥಮಿಕ ಶಾಲೆಯಲ್ಲಿ ಮಾಡಿ ಅನಂತರ ನಾವು ಕೈಬಿಟ್ಟ ಅಭ್ಯಾಸವೇ ಇದು, ಮತ್ತು ಆಲಿಸುವ ಕೌಶಲಕ್ಕೆ ಇದರಷ್ಟು ಪ್ರಯೋಜನಕಾರಿಯಾದ ವ್ಯಾಯಾಮ ಬೇರೆ ಕಡಿಮೆ.

ಆಮೇಲೆ ಲಿಖಿತರೂಪವನ್ನು ತೆರೆದು ನಿಮ್ಮ ಬರಹದೊಡನೆ ಹೋಲಿಸಿರಿ. ಹೆಚ್ಚಿನವರು ಇಲ್ಲಿ ತಪ್ಪುಗಳನ್ನು ಎಣಿಸಿ ಅಂಕ ಕೊಟ್ಟುಕೊಂಡು ಮುಗಿಸುತ್ತಾರೆ. ಎಣಿಸುವುದರಿಂದ ಫಲವಿಲ್ಲ, ವಿಂಗಡಿಸಬೇಕು. ಗೊತ್ತೇ ಇಲ್ಲದ ಪದವಾಗಿದ್ದರೆ 'ನಿಘಂಟು' ಎಂದು ಪಕ್ಕದಲ್ಲಿ ಬರೆಯಿರಿ. ಗೊತ್ತಿದ್ದ ಪದವೇ ಮಾತಿನ ಓಟದಲ್ಲಿ ಗುರುತಾಗದೆ ಹೋಗಿದ್ದರೆ 'ಕಿವಿ' ಎಂದು ಬರೆಯಿರಿ. ಉದಾಹರಣೆಗೆ, ಧ್ವನಿಯಲ್ಲಿ 'ಹಿ ಶುಡ ಟೋಲ್ಡಸ್' ಎಂದು ಕೇಳಿಸಿ, ಏನೂ ಹೊಳೆಯದೆ ಗೆರೆ ಎಳೆದಿದ್ದೀರಿ. ಪುಟದಲ್ಲಿ ನೋಡಿದರೆ ಅದು 'ಹಿ ಶುಡ್ ಹ್ಯಾವ್ ಟೋಲ್ಡ್ ಅಸ್'. ಐದೂ ಪದಗಳು ಐದನೆಯ ತರಗತಿಯವು. 'ಹ್ಯಾವ್' ಎಂಬುದು ಹಕಾರವನ್ನೂ ವಕಾರವನ್ನೂ ಕಳೆದುಕೊಂಡು ಬರಿಯ ಅರೆಸ್ವರವಾಗಿ 'ಶುಡ್'ಗೆ ಅಂಟಿಕೊಂಡದ್ದು ನಿಮ್ಮನ್ನು ತಡೆದಿದೆ. ಇಂತಹ ಸಾಲುಗಳನ್ನು ಒಂದು ಪುಟದಲ್ಲಿ ಬೇರೆಯಾಗಿ ಸಂಗ್ರಹಿಸುತ್ತ ಹೋಗಿ. ಕೆಲವು ವಾರಗಳಲ್ಲಿ ಅವೇ ನಾಲ್ಕಾರು ಬಗೆಯ ಕುಗ್ಗುವಿಕೆಗಳು ಮರುಕಳಿಸುವುದು ಕಾಣತೊಡಗುತ್ತದೆ, ಆಗ ನಿಮಗೆ ಬೇಕಾದ ವ್ಯಾಕರಣವನ್ನು ನೀವೇ ಬರೆದುಕೊಂಡಂತಾಗುತ್ತದೆ.

ಅದಾದ ಮೇಲೆ ಧ್ವನಿಯ ಬೆನ್ನು ಹಿಡಿದು ಹೇಳುವ ಅಭ್ಯಾಸ. ಓದುತ್ತಿರುವವರಿಗಿಂತ ಅರ್ಧ ಕ್ಷಣ ಹಿಂದೆ ಇದ್ದು, ಅವರ ಏರಿಳಿತ, ನಿಲುಗಡೆ, ನುಂಗುವಿಕೆಗಳನ್ನೆಲ್ಲ ಹಾಗೆಯೇ ಹೇಳಬೇಕು. ಬಾಯಿಗೆ ಬಂದ ಧ್ವನಿಯನ್ನು ಕಿವಿ ಮುಂದೆ ಸುಲಭವಾಗಿ ಗುರುತಿಸುತ್ತದೆ. ಮರುದಿನ ಹೊಸ ಪಾಠಕ್ಕೆ ಹೋಗುವ ಮೊದಲು ಹಿಂದಿನ ದಿನದ್ದನ್ನು ಬರಹ ನೋಡದೆ ಒಮ್ಮೆ ಕೇಳಿರಿ. ವೇಗವನ್ನು ಮುಕ್ಕಾಲಿಗೆ ಇಳಿಸಿ ಕೇಳುವ ಸೌಲಭ್ಯವನ್ನು ಸಂದೇಹವಿರುವ ಒಂದೆರಡು ಸಾಲುಗಳಿಗಷ್ಟೇ ಬಳಸಿ, ಕೊನೆಯ ಸಲದ ಕೇಳುವಿಕೆ ಯಾವಾಗಲೂ ಸಹಜ ವೇಗದಲ್ಲಿಯೇ ಇರಲಿ.

ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಈ ಬರಹದಲ್ಲಿ ನಾನು ಹಾಗೆ ಬರೆಯುತ್ತಿರುವುದು ವಿವರಣೆಗೆ ಬೇರೆ ದಾರಿಯಿಲ್ಲದ ಕಾರಣ. ನಿಮ್ಮ ಪುಸ್ತಕದಲ್ಲಿ ಅದನ್ನು ಮಾಡಬೇಡಿ. ನಮ್ಮ ಲಿಪಿಯಲ್ಲಿ ಆ ಅರೆಸ್ವರಕ್ಕೆ ಚಿಹ್ನೆಯಿಲ್ಲ, ಒತ್ತಿಗೆ ಗುರುತಿಲ್ಲ; ಬರೆದದ್ದನ್ನು ಓದಿದಾಗ ಕಿವಿ ಮತ್ತೆ ಮಾತ್ರೆಯ ಲೆಕ್ಕಕ್ಕೇ ಮರಳುತ್ತದೆ.

ಮೊದಲ ಕವಿತೆ: ಒಂದು ವಾರದ ಕೆಲಸ

ಕ್ರಿಸ್ಟಿನಾ ರೊಸೆಟ್ಟಿ 1872ರಲ್ಲಿ ಪ್ರಕಟಿಸಿದ ಮಕ್ಕಳ ಪದ್ಯಗಳಲ್ಲಿ ಗಾಳಿಯ ಕುರಿತಾದ ಎಂಟು ಸಾಲಿನ ಕವಿತೆಯೊಂದಿದೆ. ಆರಂಭಕ್ಕೆ ಇದಕ್ಕಿಂತ ತಕ್ಕದ್ದು ನನಗೆ ತೋರುವುದಿಲ್ಲ. ಕಠಿನ ಪದ ಒಂದೂ ಇಲ್ಲ, ಆದರೂ ಕೇಳುವುದಕ್ಕೂ ಯೋಚಿಸುವುದಕ್ಕೂ ಬೇಕಾದಷ್ಟು ಇದೆ.

ಮೊದಲ ದಿನ ಬರೀ ಕೇಳಿರಿ. ಮೊದಲ ಸಾಲು, 'ಹೂ ಹ್ಯಾಸ್ ಸೀನ್ ದ ವಿಂಡ್?' ಎಂಬುದು ಕಿವಿಗೆ ಸುಮಾರಾಗಿ 'ಹೂಅಸೀನ್ ದವಿಂಡ್' ಎಂದು ಬೀಳುತ್ತದೆ. 'ಹ್ಯಾಸ್' ಎಂಬುದರ ಕೊನೆಯ, ನಾದ ಸೇರಿದ ಸಕಾರವು ಮುಂದಿನ ಪದದ ಸಕಾರದಲ್ಲಿ ಕರಗಿಹೋಗುತ್ತದೆ. ಒತ್ತು ಬೀಳುವುದು ಯಾರು, ನೋಡಿದ್ದು, ಗಾಳಿ ಎಂಬ ಅರ್ಥದ ಮೂರು ಪದಗಳ ಮೇಲೆ. ಆ ಮೂರನ್ನು ಹಿಡಿದರೆ ವಾಕ್ಯ ಸಿಕ್ಕಿತು, ನಡುವಿನವನ್ನು ವ್ಯಾಕರಣಜ್ಞಾನ ತಾನಾಗಿ ತುಂಬಿಕೊಡುತ್ತದೆ. ಇಂಗ್ಲಿಷನ್ನು ಆಲಿಸುವ ಗುಟ್ಟೆಲ್ಲ ಈ ಒಂದು ಸಾಲಿನಲ್ಲಿದೆಯೆಂದರೆ ತಪ್ಪಾಗದು. ಎರಡನೆಯ ಸಾಲಿನ 'ನೈದರ್' ಎಂಬ ಪದವನ್ನು ಕೆಲವು ಓದುಗರು 'ನೀದರ್' ಎನ್ನುತ್ತಾರೆ. ಎರಡೂ ಸರಿಯಾದ ಉಚ್ಚಾರಗಳೇ. ಇಂಗ್ಲೆಂಡಿನವರಲ್ಲಿ ಮೊದಲನೆಯದು, ಅಮೆರಿಕದವರಲ್ಲಿ ಎರಡನೆಯದು ಹೆಚ್ಚು.

ಎರಡನೆಯ ದಿನ ಉಕ್ತಲೇಖನ, ಮೂರನೆಯ ದಿನ ಹೋಲಿಕೆ. ಎರಡನೆಯ ಪದ್ಯಖಂಡದಲ್ಲಿ ಮರಗಳು ತಲೆಬಾಗುವ ಮಾತು ಬರುವಾಗ 'ಬೌ' ಎಂಬ ಉಚ್ಚಾರ ಕೇಳಿಸುತ್ತದೆ. ಅದೇ ಅಕ್ಷರಗಳನ್ನು ಬಿಲ್ಲು ಎಂಬ ಅರ್ಥದಲ್ಲಿ 'ಬೋ' ಎನ್ನುತ್ತಾರೆ. ಪುಟದಲ್ಲಿ ಓದುವವರು ಇಲ್ಲಿ ಬಿಲ್ಲನ್ನು ಕಂಡು ಗೊಂದಲಕ್ಕೆ ಬೀಳುವುದುಂಟು, ಮೊದಲು ಕೇಳಿದವರಿಗೆ ಆ ಗೊಂದಲವೇ ಇರುವುದಿಲ್ಲ.

ನಾಲ್ಕನೆಯ ದಿನದಿಂದ ಆಸ್ವಾದನೆಗೆ ತೊಡಗಿರಿ. ಎರಡು ಖಂಡಗಳೂ ಒಂದೇ ಪ್ರಶ್ನೆಯಿಂದ ಆರಂಭವಾಗುತ್ತವೆ. ಉತ್ತರದಲ್ಲಿ ಮೊದಲ ಬಾರಿ 'ನಾನೂ ಅಲ್ಲ, ನೀನೂ ಅಲ್ಲ' ಎಂದಿದ್ದರೆ ಎರಡನೆಯ ಬಾರಿ 'ನೀನೂ ಅಲ್ಲ, ನಾನೂ ಅಲ್ಲ' ಎಂದು ಕ್ರಮ ತಿರುಗಿದೆ. ಪ್ರಾಸದ ಅಗತ್ಯ ಅದಕ್ಕೊಂದು ಕಾರಣ. ಹಾಗೆ ತಿರುಗಿಸುವುದರಿಂದ ಮಾತು ಇಬ್ಬರ ನಡುವಿನ ಆಟದಂತೆಯೂ ಕೇಳಿಸುತ್ತದೆ. ಮೂರನೆಯ ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳಿರಿ. ಮೊದಲ ಖಂಡದಲ್ಲಿ ನಡುಗುತ್ತಿರುವುದು ಎಲೆ, ಎರಡನೆಯದರಲ್ಲಿ ಬಾಗುತ್ತಿರುವುದು ಮರವೇ. ಮೊದಲನೆಯ ಸಾಲಿನಲ್ಲಿ ಮೂರು ಒತ್ತುಗಳಿದ್ದರೆ ಎರಡನೆಯದರಲ್ಲಿ ನಾಲ್ಕಿವೆ. ಗಾಳಿ ಬಲವಾಯಿತೆಂದು ಕವಯಿತ್ರಿ ಎಲ್ಲಿಯೂ ಹೇಳಿಲ್ಲ. ಸಾಲನ್ನು ಒಂದು ಒತ್ತಿನಷ್ಟು ಉದ್ದವಾಗಿಸಿ, ಎಲೆಯಿಂದ ಮರಕ್ಕೆ ಹೋಗಿ, ನಮಗೆ ಅದನ್ನು ಅನುಭವಕ್ಕೆ ತಂದುಕೊಟ್ಟಿದ್ದಾರೆ. ಜೂನಿನಲ್ಲಿ ಮಳೆಗಾಲ ಹಿಡಿದಾಗ ಅಡಿಕೆಯ ತೋಟದಲ್ಲಿ ಮೊದಲು ಸೋಗೆ ಮಾತ್ರ ಅಲುಗಿ, ಆಮೇಲೆ ಮರಕ್ಕೆ ಮರವೇ ಬಾಗುವುದನ್ನು ಕಂಡ ನಮ್ಮ ಮಕ್ಕಳಿಗೆ ಈ ಎರಡು ಸಾಲುಗಳ ನಡುವಿನ ಅಂತರವನ್ನು ವಿವರಿಸಿ ಹೇಳಬೇಕಾಗಿಲ್ಲ, ಕೇಳಿಸಿದರೆ ಸಾಕು.

ಕಾಣದ್ದನ್ನು ಅದರ ಕಾರ್ಯದಿಂದ ತಿಳಿಯುವ ಈ ತರ್ಕ ನಮಗೆ ಹೊಸದಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವ ಅನುಮಾನ ಪ್ರಮಾಣವನ್ನು ಭಾರತೀಯ ತರ್ಕಶಾಸ್ತ್ರ ಬಹು ಹಿಂದೆಯೇ ವಿವರಿಸಿದೆ. ಇಂತಹ ಸಂಬಂಧ ಹೊಳೆದಾಗ ಸಂಕೋಚಪಡದೆ ಟಿಪ್ಪಣಿಯಲ್ಲಿ ಬರೆಯಿರಿ. ವಾರದ ಕೊನೆಗೆ ಕವಿತೆ ಬಾಯಿಪಾಠವಾಗಿರಲಿ, ನಿಮ್ಮ ಓದನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಮೂಲದೊಡನೆ ಒಮ್ಮೆ ಹೋಲಿಸಿರಿ.

ಒತ್ತಿನ ಲೆಕ್ಕ

ಮುಂದಿನ ಮೆಟ್ಟಿಲಾಗಿ ಟೆನಿಸನ್ 1842ರಲ್ಲಿ ಪ್ರಕಟಿಸಿದ, ಕಡಲನ್ನು ಕುರಿತ ಶೋಕಗೀತೆಯನ್ನು ತೆಗೆದುಕೊಳ್ಳಿ. 1833ರಲ್ಲಿ ತೀರಿಕೊಂಡ ಗೆಳೆಯ ಆರ್ಥರ್ ಹ್ಯಾಲಂನ ನೆನಪು ಅದರ ಹಿಂದಿದೆ. ಮೊದಲ ಸಾಲು 'ಬ್ರೇಕ್, ಬ್ರೇಕ್, ಬ್ರೇಕ್' ಎಂಬ ಮೂರೇ ಉಚ್ಚಾರಾಂಶಗಳದ್ದು. ಮೂರನೆಯ ಸಾಲು 'ಆಂಡ್ ಐ ವುಡ್ ದಟ್ ಮೈ ಟಂಗ್ ಕುಡ್ ಅಟರ್' ಎಂದು ಒಂಬತ್ತು ಉಚ್ಚಾರಾಂಶಗಳದ್ದು. ಆದರೂ ಒಳ್ಳೆಯ ಓದುಗರ ಬಾಯಲ್ಲಿ ಇವೆರಡಕ್ಕೂ ಹಿಡಿಯುವ ಕಾಲ ಸರಿಸುಮಾರು ಒಂದೇ, ಏಕೆಂದರೆ ಎರಡರಲ್ಲಿಯೂ ಒತ್ತುಗಳು ಮೂರು. ಮಾತ್ರೆ ಎಣಿಸುವ ಅಭ್ಯಾಸದವರಿಗೆ ಇದು ನಂಬಲಾಗದಂತೆ ತೋರಬಹುದು. ಯಕ್ಷಗಾನದ ನೆಲವಾದ ಕುಂಬಳೆಯ ಸೀಮೆಯಲ್ಲಿ ಆಟ ನೋಡಿ ಬೆಳೆದವರು ಭಾಗವತಿಕೆಯನ್ನು ನೆನಪಿಸಿಕೊಳ್ಳಲಿ: ತಾಳದ ಒಂದು ಆವರ್ತನದಲ್ಲಿ ಭಾಗವತರು ಕೆಲವೇ ಅಕ್ಷರಗಳನ್ನು ಎಳೆದು ಹಾಡುತ್ತಾರೆ, ಮುಂದಿನ ಆವರ್ತನದಲ್ಲಿ ಅದರ ಇಮ್ಮಡಿ ಅಕ್ಷರಗಳನ್ನು ಒತ್ತೊತ್ತಾಗಿ ತುಂಬುತ್ತಾರೆ, ಆವರ್ತನದ ಅವಧಿ ಬದಲಾಗುವುದಿಲ್ಲ. ಇಂಗ್ಲಿಷ್ ಸಾಲಿನಲ್ಲಿ ಒತ್ತು ತಾಳದ ಪೆಟ್ಟು, ಉಳಿದ ಅಕ್ಷರಗಳು ಪೆಟ್ಟುಗಳ ನಡುವೆ ಇರುಕಿಕೊಳ್ಳಬೇಕು. ಕವಿತೆಯನ್ನು ಕೇಳುತ್ತ ಒತ್ತು ಬಿದ್ದಲ್ಲೆಲ್ಲ ಮೇಜಿನ ಮೇಲೆ ಬೆರಳು ತಟ್ಟಿರಿ. ಆಮೇಲೆ ಮುದ್ರಿತ ಪುಟದಲ್ಲಿ ಆ ಅಕ್ಷರಗಳ ಮೇಲೆ ಓರೆಗೆರೆ ಹಾಕಿರಿ.

ಲಘುಗುರುಗಳನ್ನು ಹಾಕಿ ಪ್ರಸ್ತಾರ ಮಾಡಲು ಬಲ್ಲವರಿಗೆ ಈ ಕೆಲಸ ಸುಲಭ, ಆದರೆ ಒತ್ತನ್ನು ಗುರುವೆಂದು ಭಾವಿಸಬಾರದು. 'ಸಿಟಿ' ಎಂಬ ಪದದ ಮೊದಲ ಅಕ್ಷರ ಕನ್ನಡದ ಲೆಕ್ಕದಲ್ಲಿ ಲಘುವೇ, ಆದರೂ ಒತ್ತು ಅದರ ಮೇಲೆಯೇ ಬೀಳುತ್ತದೆ. ಗುರು ಎಂದರೆ ಕಾಲದ ಅಳತೆ, ಒತ್ತು ಎಂದರೆ ಉಸಿರಿನ ಬಲ ಮತ್ತು ದನಿಯ ಏರಿಕೆ.

ಪ್ರಾಸವನ್ನು ಎಲ್ಲಿ ಕೇಳಬೇಕು

ಹಳಗನ್ನಡ, ನಡುಗನ್ನಡ ಕಾವ್ಯಗಳಲ್ಲಿ ಪ್ರಾಸವು ಸಾಲಿನ ಎರಡನೆಯ ಅಕ್ಷರದಲ್ಲಿ ಕುಳಿತಿರುತ್ತದೆ. ಅದನ್ನು ಬಿಟ್ಟು ಬರೆಯಲು 1911ರಲ್ಲಿ ಮನಸ್ಸು ಮಾಡಿದವರು ಮಂಜೇಶ್ವರದ ಗೋವಿಂದ ಪೈಗಳು. ಇಂಗ್ಲಿಷಿನಲ್ಲಿ ಪ್ರಾಸದ ಜಾಗ ಸಾಲಿನ ತುದಿ: ಕೊನೆಯ ಒತ್ತಿನ ಸ್ವರದಿಂದ ಹಿಡಿದು ಮುಂದಿನದೆಲ್ಲ ಹೊಂದಬೇಕು. ಹೊಂದಬೇಕಾದದ್ದು ಧ್ವನಿಯೇ ಹೊರತು ಕಾಗುಣಿತವಲ್ಲ. ರೊಸೆಟ್ಟಿಯ ಕವಿತೆಯಲ್ಲಿ 'ಯೂ' ಮತ್ತು 'ಥ್ರೂ' ಪದಗಳು ಪ್ರಾಸವಾಗಿವೆ. ಬರವಣಿಗೆಯಲ್ಲಿ ಎರಡನೆಯ ಪದದ ಕೊನೆಗಿರುವ ಎರಡು ವ್ಯಂಜನಗಳಿಗೆ ಧ್ವನಿಯೇ ಇಲ್ಲವೆಂಬುದನ್ನು ಪ್ರಾಸವೇ ಕಲಿಸಿಕೊಡುತ್ತದೆ. ಉಚ್ಚಾರದ ಬಗ್ಗೆ ಸಂದೇಹ ಬಂದಾಗ ಹಳೆಯ ಕವಿತೆಯ ಪ್ರಾಸ ಹೆಚ್ಚಿನ ವೇಳೆ ನೆರವಾಗುತ್ತದೆ, ಆದರೆ ಶತಮಾನಗಳ ಹಿಂದೆ ಪ್ರಾಸವಾಗಿದ್ದ ಕೆಲವು ಜೋಡಿಗಳು ಇಂದು ಹೊಂದದಿರುವುದೂ ಉಂಟು.

ನಾಡು ಬೇರೆ, ಋತು ಬೇರೆ

ಇಂಗ್ಲಿಷ್ ಕಾವ್ಯವನ್ನು ಕೇಳಿ ಪದಾರ್ಥವೆಲ್ಲ ತಿಳಿದರೂ ಭಾವ ತಲುಪದಿರುವುದಕ್ಕೆ ಋತುವಿನ ಅಂತರ ಒಂದು ಮುಖ್ಯ ಕಾರಣ. ಷೇಕ್ಸ್‌ಪಿಯರನ ಪ್ರಸಿದ್ಧ ಸುನೀತವೊಂದು ಪ್ರಿಯವ್ಯಕ್ತಿಯನ್ನು ಬೇಸಗೆಯ ದಿನಕ್ಕೆ ಹೋಲಿಸಲೇ ಎಂದು ಕೇಳುತ್ತದೆ. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ, ಬಾವಿ ಬತ್ತುವ ಹೊತ್ತಿನಲ್ಲಿ ಇದನ್ನು ಓದುವ ನಮ್ಮ ವಿದ್ಯಾರ್ಥಿಗೆ ಅದು ಹೊಗಳಿಕೆಯಾಗಿ ತೋರುವುದು ಕಷ್ಟ. ಇಂಗ್ಲೆಂಡಿನ ಬೇಸಗೆ ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ನಮ್ಮ ಜಡಿಮಳೆ ಮತ್ತು ಆಟಿಯ ತಿಂಗಳುಗಳಲ್ಲಿ. ಜೂನಿನಲ್ಲಿ ಲಂಡನ್ನಿನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ದೀರ್ಘ ಚಳಿಗಾಲದ ಅನಂತರ ಬರುವ ಆ ಹಿತವಾದ ಬೆಳಕು ಅವರಿಗೆ ಏನೆಂಬುದನ್ನು ತಿಳಿಯಲು, ಬಿರುಬೇಸಗೆಯ ಮೇಲೆ ಬರುವ ಮೊದಲ ಮಳೆ ನಮಗೆ ಏನೆಂಬುದನ್ನು ನೆನೆಯಬೇಕು. ಪ್ರತಿ ಕವಿತೆಯಲ್ಲಿಯೂ ಋತು, ಹೊತ್ತು, ಗಿಡಮರಗಳ ಹೆಸರು ಕಂಡಾಗ, ಆ ನಾಡಿನಲ್ಲಿ ಅದರ ಹವೆ ಹೇಗೆ, ಅದನ್ನು ಜನ ಬಯಸುತ್ತಾರೋ ಅಂಜುತ್ತಾರೋ ಎಂದು ಮೊದಲು ವಿಚಾರಿಸಿಕೊಳ್ಳಿ.

ಕನ್ನಡದಲ್ಲಿ ಈಗಾಗಲೇ ಮನಸ್ಸಿನಲ್ಲಿ ನಿಂತಿರುವ ಇಂಗ್ಲಿಷ್ ಕವಿತೆಗಳಿಂದ ತೊಡಗುವುದು ಇನ್ನೊಂದು ಒಳ್ಳೆಯ ದಾರಿ. 'ಕರುಣಾಳು ಬಾ ಬೆಳಕೆ' ಎಂಬ ಹಾಡನ್ನು ಕೇಳದ ಕನ್ನಡಿಗರು ವಿರಳ. ಅದು ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ರಚಿಸಿದ ಪ್ರಾರ್ಥನೆಯನ್ನು ಬಿ.ಎಂ.ಶ್ರೀ. ಕನ್ನಡಕ್ಕೆ ತಂದದ್ದು. ಮೂಲದ ಧ್ವನಿಮುದ್ರಿಕೆಯನ್ನು ಕೇಳುವಾಗ ಭಾವ ಮುಂದಾಗಿ ಗೊತ್ತಿರುವುದರಿಂದ ಪದಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಹಾಡಿದ ರೂಪದಲ್ಲಿ ರಾಗಕ್ಕಾಗಿ ಒತ್ತು ಜಾರುವುದುಂಟಾದ್ದರಿಂದ ಓದಿದ ರೂಪವನ್ನೇ ಹುಡುಕಿರಿ.

ಕೂಡಿ ಕೇಳುವುದು, ಪರೀಕ್ಷೆಗೆ ಸಿದ್ಧರಾಗುವುದು

ಕೇರಳದ ಹಳ್ಳಿಹಳ್ಳಿಗಳಲ್ಲಿ ಗ್ರಂಥಾಲಯಗಳಿರುವುದು ಗಡಿನಾಡಿನ ಕನ್ನಡಿಗರಿಗೆ ದೊರೆತ ಒಂದು ದೊಡ್ಡ ಸವಲತ್ತು. ವಾರಕ್ಕೊಮ್ಮೆ ಐದಾರು ಮಂದಿ ಅಲ್ಲಿ ಕೂಡಿ ಒಂದೇ ಕವಿತೆಯನ್ನು ಸ್ಪೀಕರಿನಲ್ಲಿ ಕೇಳಿ, ಒಬ್ಬೊಬ್ಬರೂ ಬರೆದ ಉಕ್ತಲೇಖನವನ್ನು ಹೋಲಿಸಿದರೆ, ಒಬ್ಬರಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಕ್ಕಿರುತ್ತದೆ. ಚರ್ಚೆ ಕನ್ನಡದಲ್ಲಿಯೋ ತುಳುವಿನಲ್ಲಿಯೋ ನಡೆಯಲಿ. ಇಂಗ್ಲಿಷ್ ಕವಿತೆಯನ್ನು ಇಂಗ್ಲಿಷಿನಲ್ಲಿಯೇ ಚರ್ಚಿಸಬೇಕೆಂಬ ಕಟ್ಟುಪಾಡು ಮಾಡಿದರೆ ಹೇಳಲು ಬಹಳವಿರುವ ಮಕ್ಕಳೇ ಮೊದಲು ಸುಮ್ಮನಾಗುತ್ತಾರೆ.

ಕೇರಳದ ಹತ್ತನೆಯ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ಕವಿತೆಯ ರಸಾಸ್ವಾದನೆ ಬರೆಯಲು ಕೇಳುವುದುಂಟು. ಗೈಡುಗಳಲ್ಲಿನ ಸಿದ್ಧ ವಾಕ್ಯಗಳನ್ನು ಬಾಯಿಪಾಠ ಮಾಡುವ ಬದಲು, ಕವಿತೆಯನ್ನು ಗಟ್ಟಿಯಾಗಿ ಓದಿ, ಯಾರ ದನಿ, ಯಾರೊಡನೆ, ಎಲ್ಲಿ ಭಾವ ತಿರುಗಿತು, ಯಾವ ಧ್ವನಿ ಮರುಕಳಿಸಿತು ಎಂಬುದನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು, ಅನಂತರ ಸರಳ ಇಂಗ್ಲಿಷಿನಲ್ಲಿ ಹೇಳಿರಿ. ಪ್ರತಿಯೊಂದು ಮಾತಿಗೂ ಕವಿತೆಯ ಒಂದು ಪದವನ್ನಾದರೂ ಆಧಾರವಾಗಿ ಕೊಡಿ.

ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರ ಅಗತ್ಯ ಸ್ವಲ್ಪ ಬೇರೆ. ಅದರ ಆಲಿಸುವ ವಿಭಾಗದಲ್ಲಿ ನಾಲ್ಕು ಭಾಗಗಳು, 40 ಪ್ರಶ್ನೆಗಳು, ಸುಮಾರು 30 ನಿಮಿಷ. ಧ್ವನಿಯನ್ನು ಕೇಳಿಸುವುದು ಒಂದೇ ಸಲ. ಮೇಲೆ ಹೇಳಿದ ನಿಧಾನದ ಅಭ್ಯಾಸ ಬುನಾದಿಯಾಗಿ ಬೇಕೇ ಬೇಕು, ಆದರೆ ಪರೀಕ್ಷೆಗೆ ಕೆಲವು ತಿಂಗಳ ಮೊದಲು ಒಂದೇ ಬಾರಿ ಕೇಳಿ ಉತ್ತರಿಸುವ ಅಭ್ಯಾಸವನ್ನು ಅದರ ಜೊತೆಗೆ ಸೇರಿಸಿಕೊಳ್ಳಬೇಕು.

ಛಂದಸ್ಸಿನ ಕವಿತೆಗಳು ಹತ್ತು ಹನ್ನೆರಡು ಕಿವಿಗೆ ಹತ್ತಿದ ಮೇಲೆ ಮುಕ್ತಛಂದಕ್ಕೆ ಹೋಗಬಹುದು. ಅಲ್ಲಿ ಒತ್ತು ನಿಯತವಾಗಿರುವುದಿಲ್ಲ, ತುದಿಯ ಪ್ರಾಸವೂ ಸಾಮಾನ್ಯವಾಗಿ ಇರುವುದಿಲ್ಲ. ಸಾಲು ಎಲ್ಲಿ ಮುರಿಯಿತೆಂಬುದನ್ನು ಓದುವವರ ಉಸಿರಿನಿಂದಲೇ ತಿಳಿಯಬೇಕು. ಕವಿಗಳು ತಮ್ಮ ಕವಿತೆಗಳನ್ನು ತಾವೇ ಓದಿದ ಧ್ವನಿಮುದ್ರಿಕೆಗಳು ಬ್ರಿಟನ್ನಿನ ಪೊಯೆಟ್ರಿ ಆರ್ಕೈವ್‌ನಲ್ಲಿ ದೊರೆಯುತ್ತವೆ. ಪುಟ ನೋಡದೆ ಕೇಳುತ್ತ, ಸಾಲು ಮುಗಿಯಿತೆಂದು ನಿಮಗೆ ಅನಿಸಿದಲ್ಲೆಲ್ಲ ಹೊಸ ಸಾಲಿನಿಂದ ಬರೆಯಿರಿ. ಆಮೇಲೆ ಮುದ್ರಿತ ಕವಿತೆಯೊಡನೆ ಹೋಲಿಸಿ, ನಿಮ್ಮ ಸಾಲೂ ಕವಿಯ ಸಾಲೂ ಬೇರೆಯಾದ ಕಡೆಗಳಲ್ಲಿ ನಿಂತು, ಕವಿ ಅಲ್ಲಿಯೇ ಏಕೆ ಮುರಿದಿರಬಹುದೆಂದು ಮತ್ತೊಮ್ಮೆ ಕೇಳಿ ನೋಡಿರಿ.